ನಂಬರ್ ಪ್ಲೇಟ್ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್: ಪೊಲೀಸರು ಕೇಳಿದರೆ ಏನು ತೋರಿಸಬೇಕು?

ಅರಸೀಕೆರೆಯ ಓದುಗಿ:
ನನ್ನ ತಮ್ಮ ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ವಾರದ ಬಾಡಿಗೆಗೆ ತೆಗೆದುಕೊಂಡಿರುವ ಎಲೆಕ್ಟ್ರಿಕ್ ಸ್ಕೂಟರಿಗೆ ನಂಬರ್ ಪ್ಲೇಟ್ ಇಲ್ಲ, ಅವನಿಗೆ ಡ್ರೈವಿಂಗ್ ಲೈಸೆನ್ಸೂ ಇಲ್ಲ. ಗಂಟೆಗೆ 25 ಕಿ.ಮೀ. ದಾಟದ ಗಾಡಿಗೆ ಇವೆರಡೂ ಬೇಕಿಲ್ಲವೆಂದು ಬಾಡಿಗೆಗೆ ಕೊಟ್ಟವರು ಹೇಳಿದ್ದಾರೆ. ಆದರೆ ಈಚೆಗೆ ಪೊಲೀಸರು ತಡೆದು ಕೇಳಿದಾಗ ತೋರಿಸಲು ಅವನ ಬಳಿ ಒಂದು ಚೀಟಿಯೂ ಇರಲಿಲ್ಲ. ನಿಯಮ ಬದಲಾಗಿದೆಯೇ? ಅವನ ಸಂಪಾದನೆಯೆಲ್ಲ ಆ ಗಾಡಿಯನ್ನೇ ನಂಬಿಕೊಂಡಿದೆ, ತಿಳಿದವರು ದಯವಿಟ್ಟು ವಿವರಿಸಬೇಕು.

ವಕೀಲ, ಮೈಸೂರು:
ಮೇಡಂ, ಅವರು ಹೇಳಿದ್ದು ಅರ್ಧ ಮಾತ್ರ ಸರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಮತ್ತು ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯೊಳಗೆ ಇದ್ದು, ಆ ಮಾದರಿಯನ್ನು ಪುಣೆಯ ಎಆರ್‌ಎಐನಂತಹ ಅಧಿಕೃತ ಸಂಸ್ಥೆಯೊಂದು ಪರೀಕ್ಷಿಸಿ ಒಪ್ಪಿದ್ದರೆ ಮಾತ್ರ ಅದು ‘ಮೋಟಾರು ವಾಹನ’ ಎನಿಸುವುದಿಲ್ಲ. ನೋಂದಣಿ, ಲೈಸೆನ್ಸ್, ವಿಮೆಗಳ ವಿನಾಯಿತಿ ಸಿಗುವುದು ಈ ಎಲ್ಲ ಷರತ್ತುಗಳೂ ಒಟ್ಟಿಗೆ ಪೂರೈಸಿದಾಗಲೇ. ಒಂದು ತಪ್ಪಿದರೂ ಅದು ಉಳಿದೆಲ್ಲ ಸ್ಕೂಟರುಗಳ ಹಾಗೆಯೇ. ಆಗ ಲೈಸೆನ್ಸ್ ಇಲ್ಲದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 181, ನೋಂದಣಿ ಇಲ್ಲದ್ದಕ್ಕೆ 192, ವಿಮೆ ಇಲ್ಲದ್ದಕ್ಕೆ 196 ಅನ್ವಯಿಸುತ್ತವೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರ ಮೇಲೂ ಸೆಕ್ಷನ್ 180ರಡಿ ಕ್ರಮ ಜರುಗಿಸಬಹುದು.

ಆದ್ದರಿಂದ ಆ ಮಾದರಿಯ ಒಪ್ಪಿಗೆ ಪತ್ರದ ಪ್ರತಿಯನ್ನೂ ಬಾಡಿಗೆ ರಸೀದಿಯನ್ನೂ ನಿಮ್ಮ ತಮ್ಮ ಸದಾ ಜೊತೆಯಲ್ಲಿ ಇಟ್ಟುಕೊಳ್ಳಲಿ. ವಿನಾಯಿತಿ ಇದೆಯೆಂದು ಫುಟ್‌ಪಾತ್ ಮೇಲೆ ಅಥವಾ ಒನ್‌ವೇಯಲ್ಲಿ ಎದುರು ದಿಕ್ಕಿಗೆ ಓಡಿಸುವಂತಿಲ್ಲ ಎಂಬುದನ್ನೂ ದಯವಿಟ್ಟು ತಿಳಿಸಿ.

ಗ್ಯಾರೇಜ್, ಯಶವಂತಪುರ:
ಕಾಗದ ಸರಿಯಿದ್ದರೆ ಸಾಲದು, ಗಾಡಿಯನ್ನೂ ನೋಡಬೇಕು. ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿರುವ ವೇಗದ ಮಿತಿಯನ್ನು ತೆಗೆಸಿದ ಗಾಡಿಗಳು ನಮ್ಮಲ್ಲಿಗೆ ರಿಪೇರಿಗೆ ಬರುತ್ತಲೇ ಇರುತ್ತವೆ, ಮತ್ತು ಎಷ್ಟೋ ಸಲ ಓಡಿಸುವ ಹುಡುಗನಿಗೆ ಆ ವಿಷಯವೇ ಗೊತ್ತಿರುವುದಿಲ್ಲ. ಸೀಟಿನ ಕೆಳಗೆ ಕನೆಕ್ಟರ್ ಕಳಚಿ ಟೇಪು ಸುತ್ತಿದ ಒಂಟಿ ವೈರು ಕಂಡರೆ ಅನುಮಾನಿಸಬೇಕು. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ವೇಗ ನೋಡಬೇಡಿ, ಭಾರವಿಲ್ಲದೆ ತಿರುಗುವ ಚಕ್ರ ಹೆಚ್ಚೇ ತೋರಿಸುತ್ತದೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮೊಬೈಲಿನ ಜಿಪಿಎಸ್ ಇಟ್ಟು ಓಡಿಸಿದಾಗ 35, 40 ಬಂದರೆ ಆ ಗಾಡಿಯನ್ನು ಅಂದೇ ಹಿಂದಿರುಗಿಸುವುದು ಒಳ್ಳೆಯದು. ಅದರ ಬ್ರೇಕುಗಳು ಆ ವೇಗಕ್ಕೆಂದು ಮಾಡಿದವುಗಳಲ್ಲ.

ಡೆಲಿವರಿ ಸವಾರ, ಹೆಬ್ಬಾಳ:
ನಿಯಮ ಬದಲಾಗಿದೆಯೇ ಎಂದು ಕೇಳಿದ್ದೀರಿ. ನಮ್ಮಂಥವರಿಗೆ ಪೆಟ್ಟು ಕೊಟ್ಟಿದ್ದು ಸಬ್ಸಿಡಿಯ ಬದಲಾವಣೆ. ನೋಂದಣಿಯಾಗುವ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಕೇಂದ್ರ ಸರ್ಕಾರದ ಫೇಮ್-2 ಸಬ್ಸಿಡಿ ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್‌ಗಂಟೆಗೆ 15,000 ರೂಪಾಯಿ ಇದ್ದ ನೆರವು 2023ರ ಜೂನ್‌ನಲ್ಲಿ 10,000ಕ್ಕೆ ಇಳಿಯಿತು, ಬೆಲೆಯ ಶೇ 40ರವರೆಗೆ ಇದ್ದ ಮಿತಿ ಶೇ 15ಕ್ಕೆ ಕುಸಿಯಿತು. 2024ರಲ್ಲಿ, ಫೇಮ್-2ರ ನಂತರದ ಯೋಜನೆಯಲ್ಲಿ, ಕಿಲೋವ್ಯಾಟ್‌ಗಂಟೆಯ ನೆರವು 5,000 ಆಯಿತು, 2025ರ ಏಪ್ರಿಲ್‌ನಲ್ಲಿ 2,500ಕ್ಕೆ ಇಳಿಯಿತು. ಕಂತು ಕಟ್ಟಿ ಒಳ್ಳೆಯ ಗಾಡಿ ಕೊಳ್ಳಬೇಕೆಂದಿದ್ದವರು ಬಾಡಿಗೆಯ ನಿಧಾನಗತಿಯ ಗಾಡಿಗೇ ಉಳಿದರು. ಆರ್ಡರ್ ಬೇಗ ತಲುಪಿಸಬೇಕೆಂಬ ಒತ್ತಡ ಮಾತ್ರ ಕಡಿಮೆಯಾಗಲಿಲ್ಲ, ಹೀಗಾಗಿ ವೇಗ ಹೆಚ್ಚಿಸಿದ ಗಾಡಿಗೆ ಬೇಡಿಕೆ ಬಂತು. ರಸ್ತೆಯಲ್ಲಿ ಸಿಕ್ಕಿಬೀಳುವವನು ಸವಾರ, ವೇಗ ಹೆಚ್ಚಿಸಿ ಬಾಡಿಗೆ ಎಣಿಸುವವನು ಅಂಗಡಿಯೊಳಗೆ ಕುಳಿತಿರುತ್ತಾನೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ತಪಾಸಣೆ ಅಂಗಡಿಯಿಂದಲೇ ಶುರುವಾಗಬೇಕು.

ಅರಸೀಕೆರೆಯ ಓದುಗಿ:
ಎಲ್ಲರಿಗೂ ಧನ್ಯವಾದ. ಒಪ್ಪಿಗೆ ಪತ್ರ ಕೇಳಿದರೆ ಅಂಗಡಿಯವರು ನಾಳೆ ಬಾ ಎನ್ನುತ್ತಿದ್ದಾರಂತೆ. ಲೈಸೆನ್ಸ್ ಮಾಡಿಸೋಣವೆಂದರೆ ಅವನ ವಿಳಾಸ ಇನ್ನೂ ಊರಿನದೇ ಇದೆ.

ವಕೀಲ, ಮೈಸೂರು:
ಪತ್ರ ಕೈಗೆ ಬರುವವರೆಗೆ ಆ ಗಾಡಿ ಓಡಿಸದಿರುವುದೇ ಕ್ಷೇಮ. ಅಪಘಾತವಾಗಿ ಬೇರೆಯವರಿಗೆ ಪೆಟ್ಟಾದರೆ ವಿಮೆಯಿಲ್ಲದ ಗಾಡಿಯ ಪರಿಹಾರ ಕೈಯಿಂದಲೇ ಹೋಗುತ್ತದೆ, ದಂಡಕ್ಕಿಂತ ಅದು ಎಷ್ಟೋ ಪಾಲು ದೊಡ್ಡದು. ವಿಳಾಸದ ಚಿಂತೆ ಬೇಡ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕಲಿಕಾ ಲೈಸೆನ್ಸಿಗೆ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಅರ್ಜಿ ಹಾಕಬಹುದು. ಅದು ಸಿಕ್ಕ 30 ದಿನಗಳ ಬಳಿಕ ಪೂರ್ಣ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು.