ಇನಿಟ್‌ರಾಮ್‌ಎಫ್‌ಎಸ್ ಇಲ್ಲದ 6.12 ಕರ್ನಲ್: ರೂಟ್ ಮೌಂಟ್ ಆಗದೆ ಪ್ಯಾನಿಕ್. ಫೈಲ್‌ಸಿಸ್ಟಮ್ ಆಯ್ಕೆಗಳಲ್ಲಿ ಏನು ಬಿಟ್ಟುಹೋಗಿದೆ?

ಅಡಿಗೆರೆ (ಪ್ರಶ್ನೆ)

ಲಿನಕ್ಸ್ 6.12 ಅನ್ನು ಮೂಲದಿಂದ ಕಟ್ಟಿದ್ದೇನೆ. ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವ ಮೊದಲು ಡ್ರೈವರ್‌ಗಳನ್ನು ಒದಗಿಸುವ ತಾತ್ಕಾಲಿಕ ಪುಟ್ಟ ಫೈಲ್‌ಸಿಸ್ಟಮ್) ಇಲ್ಲದೆ ನೇರವಾಗಿ ಬೂಟ್ ಆಗಬೇಕು. ಯಂತ್ರ ಎಕ್ಸ್86-64, ಒಂದೇ ಎನ್‌ವಿಎಂಇ ಡಿಸ್ಕ್, ಜಿಪಿಟಿ ಪಾರ್ಟಿಶನ್ ಟೇಬಲ್. ಮೊದಲ ಪಾರ್ಟಿಶನ್ ಇಎಫ್‌ಐ (ವಿಫ್ಯಾಟ್), ಎರಡನೆಯದು ರೂಟ್ (ಎಕ್ಸ್ಟ್4).

ಮಾಡಿದ್ದು ಇಷ್ಟು: ಡಿಸ್ಟ್ರೋದ ಕಾನ್ಫಿಗ್ ಫೈಲನ್ನು /ಬೂಟ್‌ನಿಂದ ತಂದು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’, ಆಮೇಲೆ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’. ಇಎಫ್‌ಐ ಪಾರ್ಟಿಶನ್ ಇದೆಯಲ್ಲ ಅಂತ ವಿಫ್ಯಾಟ್ ಅನ್ನು ಮೆನುಕಾನ್ಫಿಗ್‌ನಲ್ಲಿ ‘ವೈ’ (ಕರ್ನಲ್‌ನೊಳಗೇ ಸೇರಿಸು) ಮಾಡಿದೆ. ಗ್ರಬ್ ಬೂಟ್‌ಲೋಡರ್‌ನಲ್ಲಿ ಹಳೆಯ ನಮೂದನ್ನೇ ನಕಲು ಮಾಡಿ, ಇನಿಟ್‌ರಾಮ್‌ಎಫ್‌ಎಸ್ ತರುವ ಇನಿಟ್‌ಆರ್‌ಡಿ ಸಾಲು ಅಳಿಸಿದೆ; ರೂಟ್=ಯುಯುಐಡಿ=... ಹಾಗೇ ಇತ್ತು.

ಮೊದಲ ಬೂಟ್‌ನಲ್ಲಿ ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ಎನ್‌ವಿಎಂಇ ಡ್ರೈವರನ್ನು ‘ವೈ’ ಮಾಡಿ, ರೂಟ್=/ಡೆವ್/ಎನ್‌ವಿಎಂಇ0ಎನ್1ಪಿ2 ಅಂತ ಬದಲಿಸಿದ ಮೇಲೂ ಪ್ಯಾನಿಕ್, ಆದರೆ ಈಗ ಕೊನೆಯಲ್ಲಿ (259,2). ಅದರ ಮೇಲಿನ ಸಾಲು: ‘ನೋ ಫೈಲ್‌ಸಿಸ್ಟಮ್ ಕುಡ್ ಮೌಂಟ್ ರೂಟ್, ಟ್ರೈಡ್: ವಿಫ್ಯಾಟ್’. ಎಕ್ಸ್ಟ್4 ಕಾನ್ಫಿಗ್‌ನಲ್ಲಿ ಇದೆ, ‘ಎಂ’ (ಬೇಕಾದಾಗ ಲೋಡ್ ಆಗುವ ಬೇರೆ ಮಾಡ್ಯೂಲ್ ಫೈಲ್) ಅಂತ ಕಾಣುತ್ತಿದೆ. ಈ ಎರಡು ಅಂಕಿಗಳಿಗೆ ಅರ್ಥವೇನು? ಇನ್ನೇನೇನು ‘ವೈ’ ಆಗಬೇಕು, ಏನನ್ನು ‘ಎಂ’ ಆಗಿ ಬಿಡಬಹುದು?

ಗಾಣದೆತ್ತು

ಆ ಅಂಕಿಗಳಲ್ಲೇ ಉತ್ತರ ಇದೆ. ಮೊದಲನೆಯದು ಮೇಜರ್ (ಸಾಧನದ ಬಗೆ), ಎರಡನೆಯದು ಮೈನರ್ (ಆ ಬಗೆಯಲ್ಲಿ ಯಾವುದು). (0,0) ಅಂದರೆ ನೀವು ಹೇಳಿದ ರೂಟ್ ಯಾವ ಸಾಧನ ಅನ್ನುವುದೇ ಕರ್ನಲ್‌ಗೆ ಗೊತ್ತಾಗಿಲ್ಲ. ಫೈಲ್‌ಸಿಸ್ಟಮ್ ವಿಷಯಕ್ಕೆ ಅದು ಇನ್ನೂ ಬಂದೇ ಇಲ್ಲ. (259,2) ಅಂದರೆ ಡಿಸ್ಕ್ ಸಿಕ್ಕಿದೆ, ಪಾರ್ಟಿಶನ್ ಸಿಕ್ಕಿದೆ, ಒಳಗಿರುವುದನ್ನು ಓದಬಲ್ಲ ಫೈಲ್‌ಸಿಸ್ಟಮ್ ಮಾತ್ರ ಇಲ್ಲ. ‘ಟ್ರೈಡ್’ ಮುಂದೆ ಬರುವುದು ಕರ್ನಲ್‌ನೊಳಗೇ ಸೇರಿರುವ ಫೈಲ್‌ಸಿಸ್ಟಮ್‌ಗಳ ಪಟ್ಟಿ. ನಿಮ್ಮಲ್ಲಿ ಇದ್ದದ್ದು ವಿಫ್ಯಾಟ್ ಒಂದೇ, ಹಾಗಾಗಿ ಎಕ್ಸ್ಟ್4 ಪಾರ್ಟಿಶನ್ ಮೇಲೆ ಅದನ್ನೇ ಪ್ರಯತ್ನಿಸಿ ಕೈಚೆಲ್ಲಿದೆ.

ಎಕ್ಸ್ಟ್4 ‘ಎಂ’ ಆಗಿದ್ದರೆ ಅದರ ಮಾಡ್ಯೂಲ್ ಇರುವುದು /ಲಿಬ್/ಮಾಡ್ಯೂಲ್ಸ್ ಕೆಳಗೆ, ಅಂದರೆ ಅದೇ ಎಕ್ಸ್ಟ್4 ಪಾರ್ಟಿಶನ್ನಿನೊಳಗೆ. ಬೀಗದ ಕೈ ಪೆಟ್ಟಿಗೆಯೊಳಗಿದೆ. ಲೋಕಲ್‌ಮಾಡ್‌ಕಾನ್ಫಿಗ್ ಈ ಕಷ್ಟವನ್ನು ನೀಗಿಸುವುದಿಲ್ಲ: ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಉಳಿಸಿ ಮಿಕ್ಕವನ್ನು ತೆಗೆಯುತ್ತದೆ, ಉಳಿದವು ‘ಎಂ’ ಆಗಿಯೇ ಇರುತ್ತವೆ. ‘ವೈ’ಗೆ ಏರಿಸುವುದು ‘ಲೋಕಲ್‌ಯೆಸ್‌ಕಾನ್ಫಿಗ್’. ಆದರೆ ಅದನ್ನು ಕಣ್ಣುಮುಚ್ಚಿ ಓಡಿಸಬೇಡಿ. ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳಿಗೆ ಫರ್ಮ್‌ವೇರ್ ಫೈಲ್ ಬೇಕು, ಆ ಫೈಲ್ ಇರುವುದು ರೂಟ್‌ನಲ್ಲಿ. ಡ್ರೈವರ್ ‘ವೈ’ ಆದರೆ ರೂಟ್ ಮೌಂಟ್ ಆಗುವ ಮೊದಲೇ ಕೇಳುತ್ತದೆ, ಸಿಗುವುದಿಲ್ಲ (ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಎರರ್ -2, ಅಂದರೆ ಫೈಲ್ ಇಲ್ಲ). ಅವನ್ನು ‘ಎಂ’ ಬಿಡಿ, ಇಲ್ಲವೇ ಎಕ್ಸ್ಟ್ರಾ_ಫರ್ಮ್‌ವೇರ್ ಆಯ್ಕೆಯಲ್ಲಿ ಫೈಲ್ ಹೆಸರು ಕೊಟ್ಟು ಕರ್ನಲ್ ಒಳಗೇ ತುಂಬಿ.

ನಿಮ್ಮ ಯಂತ್ರಕ್ಕೆ ‘ವೈ’ ಆಗಲೇಬೇಕಾದ ಸರಪಳಿ: ಬಿಎಲ್‌ಕೆ_ಡೆವ್_ಎನ್‌ವಿಎಂಇ, ಜಿಪಿಟಿಗಾಗಿ ಇಎಫ್‌ಐ_ಪಾರ್ಟಿಶನ್, ಎಕ್ಸ್ಟ್4_ಎಫ್‌ಎಸ್. ಎಕ್ಸ್ಟ್4 ‘ವೈ’ ಮಾಡಿದರೆ ಜೆಬಿಡಿ2, ಸಿಆರ್‌ಸಿ16 ಮುಂತಾದವು ತಾವಾಗಿ ಜೊತೆಗೆ ಬರುತ್ತವೆ, ಹುಡುಕಬೇಕಿಲ್ಲ. ಇಎಫ್‌ಐ_ಪಾರ್ಟಿಶನ್ ಬಿಟ್ಟುಹೋದರೆ ಮೋಜು ನೋಡಿ: ಜಿಪಿಟಿ ಡಿಸ್ಕಿನ ಮೊದಲ ಸೆಕ್ಟರಿನ ರಕ್ಷಣಾ ಎಂಬಿಆರ್ ಅನ್ನೇ ನಿಜವೆಂದು ನಂಬಿ, ಇಡೀ ಡಿಸ್ಕ್ ಅಳತೆಯ ಒಂದೇ ಪಾರ್ಟಿಶನ್ ತೋರಿಸುತ್ತದೆ.

ಸಾಟಾ ಡಿಸ್ಕ್ ಇರುವವರಿಗೆ: ಎಸ್‌ಎಟಿಎ_ಎಎಚ್‌ಸಿಐ ಒಂದೇ ಸಾಲದು, ಎಸ್‌ಸಿಎಸ್‌ಐ ಮತ್ತು ಬಿಎಲ್‌ಕೆ_ಡೆವ್_ಎಸ್‌ಡಿ ಎರಡೂ ‘ವೈ’ ಬೇಕು. ಎಸ್‌ಸಿಎಸ್‌ಐ ‘ಎಂ’ ಆಗಿದ್ದರೆ ಅದರ ಮೇಲೆ ನಿಂತ ಎಸ್‌ಡಿ ‘ವೈ’ ಆಗಲು ಮೆನುಕಾನ್ಫಿಗ್ ಬಿಡುವುದೇ ಇಲ್ಲ. ಸ್ಪೇಸ್ ಒತ್ತಿ ಒತ್ತಿ ಬೇಸತ್ತವರು ಮೊದಲು ನೋಡಬೇಕಾದ್ದು ತಾಯಿ ಆಯ್ಕೆಯನ್ನು. ಎಸ್‌ಡಿ ಕಾರ್ಡ್ ಬೋರ್ಡ್‌ಗಳಲ್ಲಿ ಎಂಎಂಸಿ, ಎಂಎಂಸಿ_ಬ್ಲಾಕ್ ಮತ್ತು ಆ ಚಿಪ್ಪಿನ ಹೋಸ್ಟ್ ಡ್ರೈವರ್.

ಇನ್ನು ರೂಟ್=ಯುಯುಐಡಿ. ಇದು ಫೈಲ್‌ಸಿಸ್ಟಮ್ಮಿನ ಗುರುತು, ಕರ್ನಲ್‌ಗೆ ಅರ್ಥವಾಗುವುದಿಲ್ಲ. ಅದನ್ನು ಬಿಡಿಸಿ ಹೇಳುವ ಕೆಲಸ ಇನಿಟ್‌ರಾಮ್‌ಎಫ್‌ಎಸ್‌ನೊಳಗಿನ ಪ್ರೋಗ್ರಾಂಗಳದ್ದು. ಕರ್ನಲ್‌ಗೆ ನೇರವಾಗಿ ಗೊತ್ತಿರುವುದು ಪಾರ್ಟ್‌ಯುಯುಐಡಿ, ಪಾರ್ಟ್‌ಲೇಬಲ್ ಮತ್ತು ಸಾಧನದ ಹೆಸರು. ನಿಮ್ಮ ಮೊದಲ (0,0)ಗೆ ಡ್ರೈವರ್ ಇಲ್ಲದ್ದು ಒಂದು ಕಾರಣ, ಇದು ಇನ್ನೊಂದು; ಒಂದನ್ನು ಮಾತ್ರ ಸರಿಪಡಿಸಿದ್ದರೆ ಅದೇ (0,0) ಮತ್ತೆ ಬರುತ್ತಿತ್ತು. ‘ಬಿಎಲ್‌ಕೆಐಡಿ’ ಆಜ್ಞೆಯಿಂದ ಪಾರ್ಟ್‌ಯುಯುಐಡಿ ತೆಗೆದುಕೊಂಡು ಹಾಕಿ. ಗ್ರಬ್ ತಾನೇ ಬರೆಯಬೇಕೆಂದರೆ /ಇಟಿಸಿ/ಡೀಫಾಲ್ಟ್/ಗ್ರಬ್‌ನಲ್ಲಿ ಗ್ರಬ್_ಡಿಸೇಬಲ್_ಲಿನಕ್ಸ್_ಪಾರ್ಟ್‌ಯುಯುಐಡಿ=ಫಾಲ್ಸ್.

ಪ್ಯಾನಿಕ್ ಪರದೆಯಲ್ಲಿ ‘ಲಿಸ್ಟ್ ಆಫ್ ಆಲ್ ಪಾರ್ಟಿಶನ್ಸ್’ ಭಾಗವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಅಂಕಿಗಳು ಹೆಕ್ಸ್‌ನಲ್ಲಿ ಇರುತ್ತವೆ. ನಿಮ್ಮ ಪಾರ್ಟಿಶನ್ 103:00002 ಅಂತ ಕಾಣುತ್ತದೆ (259 ಅಂದರೆ ಹೆಕ್ಸ್ 103), ಸಾಟಾ ಡಿಸ್ಕಿನ ಮೊದಲ ಪಾರ್ಟಿಶನ್ 0801. ಸಾಲಿನ ಕೊನೆಯಲ್ಲಿ ಪಾರ್ಟ್‌ಯುಯುಐಡಿ ಕೂಡ ಅಚ್ಚಾಗಿರುತ್ತದೆ. ಪಟ್ಟಿ ಖಾಲಿಯಿದ್ದರೆ ಡಿಸ್ಕ್ ಡ್ರೈವರ್ ಇಲ್ಲ ಅಂತ ಖಚಿತ, ಫೈಲ್‌ಸಿಸ್ಟಮ್ ಮೆನುವಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

‘ರೂಟ್‌ವೇಟ್’ ಸೇರಿಸಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಯುಎಸ್‌ಬಿ, ಎಸ್‌ಡಿ ಕಾರ್ಡ್‌ಗೆ ಅದು ಬೇಕೇ ಬೇಕು, ಸಾಧನ ತಡವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಡ್ರೈವರೇ ಇಲ್ಲದಾಗ ರೂಟ್‌ವೇಟ್ ಹಾಕಿದರೆ ಪ್ಯಾನಿಕ್ ಕೂಡ ಬರದೆ ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಅಂತ ಅಲ್ಲೇ ನಿಂತುಬಿಡುತ್ತದೆ. ಮೊದಲು ಅದಿಲ್ಲದೆ ಬೂಟ್ ಮಾಡಿ.

ಸಣ್ಣಕ್ಕಿ

ಮೇಲಿನದಕ್ಕೆ ಸೇರಿಸುವುದು: ರೂಟ್ ಮೌಂಟ್ ಆದ ಕೂಡಲೇ ಇನ್ನೊಂದು ಸುತ್ತು ಕಾದಿರುತ್ತದೆ, ಡಿಸ್ಕ್ ಮೇಲೆ ಇಲ್ಲದ ಫೈಲ್‌ಸಿಸ್ಟಮ್‌ಗಳದ್ದು. ಡೆವ್‌ಟಿಎಂಪಿಎಫ್‌ಎಸ್ ಮತ್ತು ಡೆವ್‌ಟಿಎಂಪಿಎಫ್‌ಎಸ್_ಮೌಂಟ್ ಎರಡೂ ‘ವೈ’ ಇರಲಿ. ಎರಡನೆಯದು ಇದ್ದರೆ ರೂಟ್ ಮೌಂಟ್ ಆದ ಕೂಡಲೇ ಕರ್ನಲ್ ತಾನೇ /ಡೆವ್ ಮೇಲೆ ಸಾಧನಗಳ ಪಟ್ಟಿಯನ್ನು ಮೌಂಟ್ ಮಾಡುತ್ತದೆ. ಟಿಎಂಪಿಎಫ್‌ಎಸ್ ಜೊತೆ ಅದರ ಎಸಿಎಲ್, ಎಕ್ಸ್‌ಆಟ್ಟ್ರ್ ಉಪಆಯ್ಕೆಗಳು, ಪ್ರೋಕ್, ಸಿಸ್‌ಎಫ್‌ಎಸ್, ಸಿಗ್ರೂಪ್, ಐನೋಟಿಫೈ, ಎಫ್‌ಹ್ಯಾಂಡಲ್: ಸಿಸ್ಟಮ್‌ಡಿ (ಕರ್ನಲ್ ಬೂಟ್ ಆದ ಮೇಲೆ ಮಿಕ್ಕ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ) ಇವನ್ನೆಲ್ಲ ಕೇಳುತ್ತದೆ. ಡಿಸ್ಟ್ರೋ ಕಾನ್ಫಿಗ್‌ನಿಂದ ಹೊರಟಿದ್ದರೆ ಇವು ಇರುತ್ತವೆ, ‘ಇದೇನಿದು’ ಅಂತ ತೆಗೆದರೆ ಮಾತ್ರ ತೊಂದರೆ. ಇಎಫ್‌ಐ ಬೂಟ್ ನಮೂದು ತಿದ್ದಲು ಇಎಫ್‌ಐವಾರ್_ಎಫ್‌ಎಸ್ ಬೇಕು, ‘ಎಂ’ ಸಾಕು.

ಎಕ್ಸ್ಟ್2 ಬೇರೆ ಡ್ರೈವರ್ ಬೇಡ. ಎಕ್ಸ್ಟ್4_ಯೂಸ್_ಫಾರ್_ಎಕ್ಸ್ಟ್2 ‘ವೈ’ ಮಾಡಿದರೆ ಒಂದೇ ಡ್ರೈವರ್ ಮೂರು ತಲೆಮಾರನ್ನೂ ಓದುತ್ತದೆ. ಎಕ್ಸ್ಟ್3ರ ಪ್ರತ್ಯೇಕ ಡ್ರೈವರ್ 2015ರಲ್ಲಿ, 4.3ರಲ್ಲೇ ಹೋಯಿತು.

‘ಎಂ’ ಆಗಿದ್ದರೆ ಸಾಕಾದವು: ವಿಫ್ಯಾಟ್, ಎಕ್ಸ್‌ಫ್ಯಾಟ್ (64 ಜಿಬಿ ಮತ್ತು ಮೇಲಿನ ಎಸ್‌ಡಿ ಕಾರ್ಡ್‌ಗಳು ಇದರಲ್ಲೇ ಬರುತ್ತವೆ), ಎನ್‌ಟಿಎಫ್‌ಎಸ್3, ಐಎಸ್‌ಒ9660, ಯುಡಿಎಫ್, ಫ್ಯೂಸ್, ಓವರ್‌ಲೇ, ಸ್ಕ್ವಾಶ್‌ಎಫ್‌ಎಸ್. ಕಂಟೇನರ್ ಓಡಿಸುವವರು ಓವರ್‌ಲೇ ಮರೆತು ಪರದಾಡುವುದು ಮಾಮೂಲು. ಎನ್‌ಟಿಎಫ್‌ಎಸ್ ಹೆಸರಿನ ಹಳೆಯ ಡ್ರೈವರ್ 6.9ರಲ್ಲಿ ತೆಗೆದರು, 6.12ರಲ್ಲಿ ಎನ್‌ಟಿಎಫ್‌ಎಸ್3 ಮಾತ್ರ. ರೈಸರ್‌ಎಫ್‌ಎಸ್ ಡಿಸ್ಕ್ ಯಾರ ಬಳಿಯಾದರೂ ಉಳಿದಿದ್ದರೆ ಈಗಲೇ ನಕಲು ಮಾಡಿಕೊಳ್ಳಲಿ, 6.12ರಲ್ಲಿ ಇದೆ, 6.13ರಿಂದ ಇಲ್ಲ.

ಲೋಕಲ್‌ಮಾಡ್‌ಕಾನ್ಫಿಗ್ ಓಡಿಸುವ ಮೊದಲು ಪೆನ್‌ಡ್ರೈವ್ ಚುಚ್ಚಿ, ಕಾರ್ಡ್ ಹಾಕಿ, ಒಂದು ಐಎಸ್‌ಒ ಮೌಂಟ್ ಮಾಡಿ. ಆ ಗಳಿಗೆಯಲ್ಲಿ ‘ಎಲ್‌ಎಸ್‌ಮಾಡ್’ನಲ್ಲಿ ಕಾಣದ ಮಾಡ್ಯೂಲ್ ಹೊಸ ಕರ್ನಲ್‌ನಲ್ಲಿ ಇರುವುದಿಲ್ಲ.

ಮೆನುವಿನಲ್ಲಿ ಅಲೆಯುವ ಬದಲು ಮೂಲದ ಸ್ಕ್ರಿಪ್ಟ್ಸ್/ಕಾನ್ಫಿಗ್ ಬಳಸಿ: ‘ಸ್ಕ್ರಿಪ್ಟ್ಸ್/ಕಾನ್ಫಿಗ್ -ಇ ಎಕ್ಸ್ಟ್4_ಎಫ್‌ಎಸ್ -ಎಂ ಎಕ್ಸ್‌ಫ್ಯಾಟ್_ಎಫ್‌ಎಸ್’ (ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಆಯ್ಕೆಯ ಹೆಸರು ದೊಡ್ಡಕ್ಷರ ಅನ್ನುವುದು ಗೊತ್ತೇ ಇದೆ). ಬಳಿಕ ಓಲ್ಡ್‌ಡೆಫ್‌ಕಾನ್ಫಿಗ್, ಬಳಿಕ ‘ಗ್ರೆಪ್’ ಮಾಡಿ ಇನ್ನೊಮ್ಮೆ ನೋಡಿ. ಈ ಸ್ಕ್ರಿಪ್ಟ್ ಅವಲಂಬನೆ ನೋಡುವುದಿಲ್ಲ. ಸ್ಕ್ವಾಶ್‌ಎಫ್‌ಎಸ್ ಇಲ್ಲದೆ ಸ್ಕ್ವಾಶ್‌ಎಫ್‌ಎಸ್_ಝಡ್‌ಎಸ್‌ಟಿಡಿ ಬರೆದರೆ ಓಲ್ಡ್‌ಡೆಫ್‌ಕಾನ್ಫಿಗ್ ಸದ್ದಿಲ್ಲದೆ ಅಳಿಸುತ್ತದೆ.

ಹಳೇಬೇರು

ಇಷ್ಟೆಲ್ಲ ಯಾಕೆ? ಇನಿಟ್‌ರಾಮ್‌ಎಫ್‌ಎಸ್ ಇಟ್ಟುಕೊಳ್ಳಿ. ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಅಂದರೆ ಡೀಬಗ್ ಚಿಹ್ನೆಗಳು ಉದುರಿ ಅದರ ಗಾತ್ರ ಇಳಿಯುತ್ತದೆ; ಆ ಭಾಗ ಬಿಟ್ಟು ‘ಇನಿಟ್‌ರಾಮ್‌ಎಫ್‌ಎಸ್ ವಿಪರೀತ ದೊಡ್ಡದು’ ಅಂತ ಬಯ್ಯುವವರೇ ಹೆಚ್ಚು. ಡಿಸ್ಟ್ರೋ ಝಡ್‌ಎಸ್‌ಟಿಡಿಯಲ್ಲಿ ಒತ್ತುತ್ತಿದ್ದರೆ ಆರ್‌ಡಿ_ಝಡ್‌ಎಸ್‌ಟಿಡಿ ‘ವೈ’ ಇರಬೇಕು, ಇಲ್ಲದಿದ್ದರೆ ‘ಇನಿಟ್‌ರಾಮ್‌ಎಫ್‌ಎಸ್ ಅನ್‌ಪ್ಯಾಕಿಂಗ್ ಫೇಲ್ಡ್’, ಕೊನೆಗೆ ಅದೇ (0,0). ಲಕ್ಸ್ ಗೂಢಲಿಪಿ, ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರ) ಮೇಲೆ ರೂಟ್ ಇದ್ದವರಿಗಂತೂ ಇನಿಟ್‌ರಾಮ್‌ಎಫ್‌ಎಸ್ ಬಿಡುವ ಮಾತೇ ಬೇಡ. ಎರಡು ಡಿಸ್ಕಿನ ಬಿಟಿಆರ್‌ಎಫ್‌ಎಸ್ (ಇನ್ನೊಂದು ಫೈಲ್‌ಸಿಸ್ಟಮ್) ರೂಟ್ ಕೂಡ ಹಾಗೆಯೇ: ಮೌಂಟ್‌ಗೆ ಮೊದಲು ‘ಬಿಟಿಆರ್‌ಎಫ್‌ಎಸ್ ಡಿವೈಸ್ ಸ್ಕ್ಯಾನ್’ ಆಗಬೇಕು, ಇಲ್ಲವೇ ರೂಟ್‌ಫ್ಲಾಗ್ಸ್‌ನಲ್ಲಿ ಪ್ರತಿ ಡಿಸ್ಕಿನ ಹೆಸರು ಬರೆಯಬೇಕು.

ಗಾಣದೆತ್ತು

ಲಕ್ಸ್, ಎಲ್‌ವಿಎಂ ಬಗ್ಗೆ ಒಪ್ಪುತ್ತೇನೆ. ಒಂದೇ ಡಿಸ್ಕ್, ಬರಿಯ ಎಕ್ಸ್ಟ್4 ಇರುವಲ್ಲಿ ಇನಿಟ್‌ರಾಮ್‌ಎಫ್‌ಎಸ್ ಬೇಕಿಲ್ಲ. ಬಿಟಿಆರ್‌ಎಫ್‌ಎಸ್ ‘ವೈ’ ಮಾಡುವವರು ಆರ್‌ಎಐಡಿ6_ಪಿಕ್ಯೂ_ಬೆಂಚ್‌ಮಾರ್ಕ್ ಆಯ್ಕೆಯನ್ನೂ ನೋಡಿ. ಪ್ರತಿ ಬೂಟ್‌ನಲ್ಲೂ ನಡೆಯುವ ವೇಗಪರೀಕ್ಷೆ ಅದು, ಆರ್‌ಎಐಡಿ6 (ಹಲವು ಡಿಸ್ಕ್‌ಗಳನ್ನು ಜೋಡಿಸುವ ಒಂದು ವಿಧಾನ) ಬಳಸದವರಿಗೆ ದಂಡ.

ಅಡಿಗೆರೆ

ಎಕ್ಸ್ಟ್4 ‘ವೈ’, ಪಾರ್ಟ್‌ಯುಯುಐಡಿ ಹಾಕಿದ ಮೇಲೆ ಬೂಟ್ ಆಯಿತು. ಈಗ ಬೇರೆ ತಕರಾರು. ಪೆನ್‌ಡ್ರೈವ್‌ನಲ್ಲಿ ಕನ್ನಡ ಹೆಸರಿನ ಫೈಲ್‌ಗಳೆಲ್ಲ ????? ಅಂತ ಕಾಣುತ್ತಿವೆ, ಕನ್ನಡ ಹೆಸರು ಕೊಟ್ಟು ತೆರೆಯಲು ಹೋದರೆ ‘ಅಂಥ ಫೈಲ್ ಇಲ್ಲ’ ಅನ್ನುತ್ತದೆ. ಎನ್‌ಎಲ್‌ಎಸ್ (ಬೇರೆ ಬೇರೆ ಭಾಷೆಗಳ ಅಕ್ಷರ ಟೇಬಲ್‌ಗಳು) ಪಟ್ಟಿ ತೀರಾ ಉದ್ದ ಅನ್ನಿಸಿ 437 ಮತ್ತು ಐಎಸ್‌ಒ8859-1 ಬಿಟ್ಟು ಎಲ್ಲ ತೆಗೆದಿದ್ದೆ, ಫ್ಯಾಟ್ ಕೆಳಗಿನ ಯುಟಿಎಫ್-8 ಆಯ್ಕೆಯನ್ನೂ.

ಒತ್ತಕ್ಷರ

ತೆಗೆಯಬಾರದಿದ್ದದ್ದು ಆ ಕೊನೆಯದು: ಫ್ಯಾಟ್_ಡೀಫಾಲ್ಟ್_ಯುಟಿಎಫ್8. ವಿಫ್ಯಾಟ್ ಡಿಸ್ಕಿನ ಮೇಲೆ ಉದ್ದ ಹೆಸರನ್ನು ಯುನಿಕೋಡ್‌ನಲ್ಲೇ ಇಡುತ್ತದೆ, ಅಲ್ಲಿ ಕನ್ನಡ ಸುರಕ್ಷಿತವಾಗಿದೆ. ಕರ್ನಲ್ ಅದನ್ನು ನಿಮಗೆ ಕೊಡುವಾಗ ಐಎಸ್‌ಒ8859-1 ಟೇಬಲ್ ಮೂಲಕ ದಾಟಿಸುತ್ತದೆ. ಅದರಲ್ಲಿ ಕನ್ನಡ ಇಲ್ಲದ್ದರಿಂದ ಪ್ರತಿ ಕೋಡ್‌ಪಾಯಿಂಟಿಗೆ (ಯುನಿಕೋಡ್ ಸಂಖ್ಯೆ ಇರುವ ಒಂದು ವ್ಯಂಜನ, ಸ್ವರ ಅಥವಾ ಗುಣಿತ ಚಿಹ್ನೆ) ಒಂದು ಪ್ರಶ್ನೆ ಚಿಹ್ನೆ. ನೀವು ಕೊಡುವ ಕನ್ನಡ ಹೆಸರು ಆ ಪ್ರಶ್ನೆ ಚಿಹ್ನೆಗಳಿಗೆ ಹೊಂದುವುದಿಲ್ಲ, ಹಾಗಾಗಿ ತೆರೆಯಲೂ ಬರುವುದಿಲ್ಲ. ಈ ಸ್ಥಿತಿಯಲ್ಲಿ ಪೆನ್‌ಡ್ರೈವ್‌ಗೆ ಹೊಸ ಕನ್ನಡ ಹೆಸರು ಬರೆಯಬೇಡಿ: ಪ್ರತಿ ಬೈಟೂ ಒಂದೊಂದು ಲ್ಯಾಟಿನ್ ಅಕ್ಷರವಾಗಿ ಕೂರುತ್ತದೆ, ಬೇರೆ ಯಂತ್ರದಲ್ಲಿ ಕಸ ಕಾಣುತ್ತದೆ.

ಮತ್ತೆ ಕಟ್ಟುವ ತನಕ ‘ಮೌಂಟ್ -ಒ ಯುಟಿಎಫ್8’ ಸಾಕು. ‘ಐಒಚಾರ್‌ಸೆಟ್=ಯುಟಿಎಫ್8’ ಅಲ್ಲ. ಹಾಗೆ ಕೊಟ್ಟರೆ ಫ್ಯಾಟ್ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಬೇರೆ ಬೇರೆ ಎಂದು ಎಣಿಸಲು ಶುರು ಮಾಡುತ್ತದೆ. ಕರ್ನಲ್ ಲಾಗ್‌ನಲ್ಲಿ ಅದೇ ಎಚ್ಚರಿಕೆ ಬರುತ್ತದೆ. ಯುಟಿಎಫ್8 ಕೊಟ್ಟರೂ 437ರ ಕೋಡ್‌ಪೇಜ್ ಮತ್ತು ಡೀಫಾಲ್ಟ್ ಐಒಚಾರ್‌ಸೆಟ್ ಟೇಬಲ್ ಎರಡೂ ಇರಲೇಬೇಕು. ಇಲ್ಲದಿದ್ದರೆ ‘ಐಒ ಚಾರ್‌ಸೆಟ್ ನಾಟ್ ಫೌಂಡ್’ ಅಂತ ಮೌಂಟೇ ಆಗದು, ಇಎಫ್‌ಐ ಪಾರ್ಟಿಶನ್ ಕೂಡ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಮೌಂಟ್ ಆಗಬೇಕಾದವುಗಳ ಪಟ್ಟಿ) ಅದಕ್ಕೆ ‘ನೋಫೇಲ್’ ಇಲ್ಲದಿದ್ದರೆ ಸಿಸ್ಟಮ್‌ಡಿ ಎಮರ್ಜೆನ್ಸಿ ಮೋಡ್‌ಗೆ ಬೀಳಿಸುತ್ತದೆ. ಆ ಎರಡನ್ನು ನೀವು ಉಳಿಸಿಕೊಂಡಿದ್ದು ಒಳ್ಳೆಯದಾಯಿತು.

ಕನ್ನಡ ಹೆಸರಿಗೆ ಎಕ್ಸ್ಟ್4 ಕಡೆಯೂ ಒಂದು ಮಿತಿ ಇದೆ. ಹೆಸರಿನ ಗರಿಷ್ಠ 255 ಬೈಟ್, ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ 3 ಬೈಟ್, ಅಂದರೆ 85. ‘ಮೈಸೂರು’ ಮೂರೇ ಅಕ್ಷರ ಕಂಡರೂ ಕೋಡ್‌ಪಾಯಿಂಟ್ 6, ಬೈಟ್ 18. ಫ್ಯಾಟ್, ಎನ್‌ಟಿಎಫ್‌ಎಸ್ ಎಣಿಸುವುದು 255 ಯುಟಿಎಫ್-16 ಘಟಕ, ಆದ್ದರಿಂದ ಅಲ್ಲಿ ಹಿಡಿಸಿದ ಉದ್ದ ಹೆಸರು ಎಕ್ಸ್ಟ್4ಗೆ ನಕಲಾಗುವಾಗ ‘ಫೈಲ್ ನೇಮ್ ಟೂ ಲಾಂಗ್’. ಇದಕ್ಕೆ ಕಾನ್ಫಿಗ್‌ನಲ್ಲಿ ಮದ್ದಿಲ್ಲ, ಹೆಸರು ಮೊಟಕು ಮಾಡಬೇಕು.

ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ಟಾರ್ ಮಾಡಿ ತಂದ ಫೈಲ್‌ಗಳಿದ್ದರೆ ಇನ್ನೊಂದು ಗಂಟು. ಆ ಫೈಲ್‌ಸಿಸ್ಟಮ್ ‘ಐ’ ಗುಣಿತ ಚಿಹ್ನೆಯನ್ನು ಎರಡು ತುಂಡಾಗಿ ಬಿಡಿಸಿ ಇಡುತ್ತದೆ. ಅದೇ ‘ಮೈಸೂರು’ 21 ಬೈಟ್ ಆಗುತ್ತದೆ. ಕೀಲಿಮಣೆಯಲ್ಲಿ ಟೈಪ್ ಮಾಡಿದ 18 ಬೈಟಿನದ್ದೂ ಇದೂ ಎಕ್ಸ್ಟ್4ಗೆ ಎರಡು ಬೇರೆ ಫೈಲ್, ಪರದೆಯಲ್ಲಿ ಒಂದೇ. ಎರಡೂ ಒಂದೇ ಆಗಬೇಕೆಂದರೆ ಕರ್ನಲ್‌ನಲ್ಲಿ ಯುನಿಕೋಡ್ ಆಯ್ಕೆ (ಫೈಲ್ ಸಿಸ್ಟಮ್ಸ್ ಮೆನುವಿನ ಕೆಳಭಾಗದಲ್ಲಿದೆ), ಫೈಲ್‌ಸಿಸ್ಟಮ್‌ನಲ್ಲಿ ‘ಕೇಸ್‌ಫೋಲ್ಡ್’ ಗುಣ, ಖಾಲಿ ಡೈರೆಕ್ಟರಿಯ ಮೇಲೆ ‘ಸಿಎಚ್‌ಆಟ್ಟ್ರ್ +ಎಫ್’ (ಎಫ್ ದೊಡ್ಡಕ್ಷರ) ಬೇಕು. ಎಕ್ಸ್ಟ್4ನಲ್ಲಿ ಇದು 5.2ರಿಂದ ಇದೆ. ರೂಟ್ ಪಾರ್ಟಿಶನ್ ಮೇಲೆ ಮಾತ್ರ ಇದನ್ನು ಮಾಡಬೇಡಿ: ಯುನಿಕೋಡ್ ಆಯ್ಕೆ ಇಲ್ಲದ ಕರ್ನಲ್ ಕೇಸ್‌ಫೋಲ್ಡ್ ಗುಣ ಕಂಡ ಕೂಡಲೇ ಮೌಂಟ್ ನಿರಾಕರಿಸುತ್ತದೆ, ಆಗ ಮತ್ತೆ ಅದೇ (259,2).