ತಾಲ್ಲೂಕು ಮಟ್ಟದ ಭೌತಶಾಸ್ತ್ರ ಕಾರ್ಯಕ್ರಮ: ಉಪನ್ಯಾಸ ಬೇಕೋ, ಪ್ರಯೋಗ ಸಾಕೋ?

ಪ್ರೌಢಶಾಲಾ ಶಿಕ್ಷಕಿ, ಗೌರಿಬಿದನೂರು:
1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಪತ್ತೆಯಾದ ನೆನಪಿಗೆ ನಡೆಯುವ ವಿಜ್ಞಾನ ದಿನದಂದು ನಮ್ಮ ಕಡೆಯ ಸಭಾಂಗಣಗಳಲ್ಲಿ ಭೌತಶಾಸ್ತ್ರದ ಉಪನ್ಯಾಸ ಏರ್ಪಡಿಸುವುದು ರೂಢಿ. ಸ್ವಾಗತ, ಸನ್ಮಾನಗಳಲ್ಲೇ ಅರ್ಧ ವೇಳೆ ಕಳೆದು, ಬೆಂಗಳೂರಿನಿಂದ ಬಂದ ವಿಜ್ಞಾನಿಗಳು ಉಳಿದ ಸಮಯದಲ್ಲಿ ಇಂಗ್ಲಿಷಿನಲ್ಲಿ ಅವಸರವಾಗಿ ಮಾತನಾಡಿ ಹೊರಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿ ಬಸ್ಸು ಹತ್ತುತ್ತಾರೆ. ಇದನ್ನು ನಿಲ್ಲಿಸಿ, ಅದೇ ಹಣದಲ್ಲಿ ಕಣ್ಣೆದುರು ಪ್ರಯೋಗ ಮಾಡಿ ತೋರಿಸುವ ಕಾರ್ಯಕ್ರಮ ನಡೆಸಬೇಕೆಂದು ನಾನು ಬಯಸುತ್ತೇನೆ.

ನಿವೃತ್ತ ಉಪನ್ಯಾಸಕ, ಚಿಕ್ಕಬಳ್ಳಾಪುರ:
ಮೇಡಂ, ಸನ್ಮಾನದ ದೋಷವನ್ನು ಉಪನ್ಯಾಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಮ್ಮದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಸಾರ್ವಜನಿಕ ಉಪನ್ಯಾಸ ನಡೆಯುವಂತೆ ಮಾಡಿದರು. ವರ್ಷಕ್ಕೊಮ್ಮೆ ನಡೆಯುವ ಸಮಾರಂಭದಿಂದ ಕೇಳುಗರು ಬೆಳೆಯುವುದಿಲ್ಲ. ಬಿಡದೆ ನಡೆದರೆ ಬೆಳೆಯುತ್ತಾರೆ.

ಬಿ.ಎಸ್‌ಸಿ. ವಿದ್ಯಾರ್ಥಿನಿ, ಬಂಗಾರಪೇಟೆ:
ಪ್ರಯೋಗವೊಂದೇ ಸಾಲದು ಎಂದು ನನಗೂ ಅನ್ನಿಸುತ್ತದೆ. ಬಲವಾದ ಅಯಸ್ಕಾಂತದ ಬಿಲ್ಲೆಯನ್ನು ತಾಮ್ರದ ಕೊಳವೆಗೆ ತಾಗಿಸಿದರೆ ಅದು ಅಂಟುವುದಿಲ್ಲ. ಆದರೆ ಅದೇ ಬಿಲ್ಲೆಯನ್ನು ನೆಟ್ಟಗೆ ಹಿಡಿದ ಕೊಳವೆಯೊಳಗೆ ಬಿಟ್ಟರೆ, ಯಾರೋ ತಡೆದು ಇಳಿಸಿದಂತೆ ನಿಧಾನವಾಗಿ ಕೆಳಗೆ ಬರುತ್ತದೆ. ಬೀಳುವ ಅಯಸ್ಕಾಂತ ಕೊಳವೆಯ ಗೋಡೆಯಲ್ಲಿ ಸುಳಿ ವಿದ್ಯುತ್ಪ್ರವಾಹ ಹುಟ್ಟಿಸುತ್ತದೆ, ಆ ಪ್ರವಾಹದ ಕಾಂತಕ್ಷೇತ್ರ ಬೀಳುವುದನ್ನೇ ವಿರೋಧಿಸುತ್ತದೆ ಎಂದು ಬಿಡಿಸಿ ಹೇಳದಿದ್ದರೆ ಮಗುವಿಗೆ ಅದು ಜಾದೂ ಆಗಿಯೇ ಉಳಿಯುತ್ತದೆ.

ಗಣಿ ಕುಟುಂಬದವನು, ಕೆಜಿಎಫ್:
ಮೇಜಿನ ಮೇಲೆ ತೋರಿಸಲಾಗದ ಭೌತಶಾಸ್ತ್ರವೂ ಇದೆ, ಅದು ನಮ್ಮ ಊರಿನಲ್ಲೇ ನಡೆದಿದೆ. 1965ರಲ್ಲಿ ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ಸಲೀಸಾಗಿ ದಾಟಿಹೋಗುವ ಅತಿ ಹಗುರ ಕಣಗಳ, ಸುಳಿವು ಹಿಡಿದರು. ವಾತಾವರಣದಲ್ಲೇ ಹುಟ್ಟಿ ಮೇಲಿನಿಂದ ಬರುವ, ಎಲೆಕ್ಟ್ರಾನಿನಂಥದ್ದೇ ಆದರೆ ಭಾರವಾದ ಮ್ಯುಯಾನ್ ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಅಷ್ಟು ದಪ್ಪ ಬಂಡೆ ತಡೆಯುತ್ತದೆ. ಅಡ್ಡ ದಾರಿಯಲ್ಲಂತೂ ದಾಟಬೇಕಾದ ಬಂಡೆ ಇನ್ನೂ ಹೆಚ್ಚು. ಆದ್ದರಿಂದ ಅಡ್ಡಡ್ಡವಾಗಿ ಬರುವ ಮ್ಯುಯಾನ್ ಕಂಡರೆ, ಅದು ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿ ಹೊಡೆದು ಹುಟ್ಟಿದ್ದೆಂದು ತರ್ಕಿಸಬಹುದು. ಈ ತರ್ಕವನ್ನು ಮಾತಿನಲ್ಲಿ, ಸಾವಧಾನವಾಗಿ, ಕನ್ನಡದಲ್ಲಿ ಹೇಳಬೇಕು. ಚಿನ್ನದ ಕತೆ ಗೊತ್ತಿರುವ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲದಿರುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಪ್ರೌಢಶಾಲಾ ಶಿಕ್ಷಕಿ, ಗೌರಿಬಿದನೂರು:
ಸರ್, ನಿಮ್ಮ ಮಾತಿನಿಂದ ನನ್ನ ಬೇಡಿಕೆ ಇನ್ನಷ್ಟು ಖಚಿತವಾಯಿತು. ನಮ್ಮೂರಿನ ಬಳಿಯ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ ಆವರ್ತನದ ರೇಡಿಯೋ ತರಂಗದಲ್ಲಿ ಆಕಾಶವನ್ನು ಆಲಿಸಲು ಕಟ್ಟಿದ್ದು. ಆ ತರಂಗದ ಉದ್ದ ಸುಮಾರು 8.7 ಮೀಟರ್; ಅಷ್ಟು ಉದ್ದದ ತರಂಗಕ್ಕೆ ಸಣ್ಣ ಸಂದುಗಳು ಲೆಕ್ಕಕ್ಕಿಲ್ಲದ್ದರಿಂದಲೇ ಅಲ್ಲಿ ನುಣುಪಾದ ಬೋಗುಣಿಯ ಬದಲು ಕಂಬ, ತಂತಿಗಳ ಸಾಲು ಸಾಕಾಯಿತು. ಇದನ್ನು ಮಕ್ಕಳಿಗೆ ಸಭಾಂಗಣದಲ್ಲಿ ಹೇಳುವುದಕ್ಕಿಂತ, ತಂತಿಯನ್ನು ಅವರ ಕೈಯಿಂದಲೇ ಅಳೆಸಿ ಹೇಳುವುದು ಮೇಲು. ಉಪನ್ಯಾಸ ಇರಲಿ; ಆದರೆ ಅರ್ಧ ಗಂಟೆ ಮೀರದಿರಲಿ.

ನಿವೃತ್ತ ಉಪನ್ಯಾಸಕ, ಚಿಕ್ಕಬಳ್ಳಾಪುರ:
ಅರ್ಧ ಗಂಟೆಯಲ್ಲಿ ನ್ಯೂಟ್ರಿನೊ ಮುಗಿಯುವುದಿಲ್ಲ ಮೇಡಂ. ಒಂದು ಗಂಟೆ ಉಪನ್ಯಾಸಕ್ಕೆ, ಇನ್ನೊಂದು ಗಂಟೆ ಪ್ರಶ್ನೆಗಳಿಗೆ ಇರಲಿ. ಸನ್ಮಾನ ಬೇಡವೇ ಬೇಡ. ತಿಂಗಳಿಗೊಂದರಂತೆ ನಡೆಸಲು ಕಾಲೇಜಿನ ಕೊಠಡಿ ಕೇಳುವ ಹೊಣೆ ನನಗಿರಲಿ, ತಂತಿ ಅಳೆಸುವ ತರಗತಿಯನ್ನು ನೀವು ವಹಿಸಿಕೊಳ್ಳಿ.