ಅಟ್ಟದಲ್ಲಿ ಸಿಕ್ಕ ಫೋಟೋ: ಈ ಸುಲೋಚನಾ ಯಾರು?

ತೋಟದಮನೆ, ತೀರ್ಥಹಳ್ಳಿ
ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡೋಣ ಅಂತ ಅಟ್ಟ ಹತ್ತಿದ್ದೆ. ಅಜ್ಜನ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ಗಿಡ್ಡ ಕೂದಲು, ಎಳೆದಿಟ್ಟ ಹಾಗೆ ತೆಳು ಹುಬ್ಬು. ಕೆಳಗೆ ‘ಸುಲೋಚನಾ’ ಅಂತ ಅಚ್ಚಾಗಿದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ (1934) ಅಲ್ವಾ? ಅದರ ನಾಯಕಿ ಇವರೇ ಅಂತ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಸೋದರತ್ತೆ ಒಪ್ಪುತ್ತಿಲ್ಲ. “ಇಂದ್ರಜಿತುವಿನ ಹೆಂಡತಿ ಹೀಗೆ ಕೂದಲು ಕತ್ತರಿಸಿಕೊಳ್ತಾಳಾ?” ಅಂತಾರೆ. ಗೊತ್ತಿದ್ದವರು ಹೇಳಿ.

ಹಳೇ ರೀಲು
ಅತ್ತೆಯೇ ಗೆದ್ದರು ಮಾರಾಯ್ರೇ. ಆ ಟಾಕಿಯ ಸುಲೋಚನಾ ತ್ರಿಪುರಾಂಬ. ನಿಮ್ಮ ಫೋಟೋದವರು ಮೂಕಿಚಿತ್ರಗಳ ರೂಬಿ ಮೈಯರ್ಸ್, ಪರದೆ ಮೇಲಿನ ಹೆಸರು ಸುಲೋಚನಾ. 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯಹೂದಿ ಹುಡುಗಿ. ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಕಂಪನಿಯ ಮೋಹನ್ ಭವನಾನಿ ಕರೆದಾಗ ಮೊದಲು ಒಲ್ಲೆ ಅಂದಿದ್ದರಂತೆ. ಆಮೇಲೆ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ (1927) ಒಂದರಲ್ಲೇ ಎಂಟು ವೇಷ! ಮಾಲಿ, ಪೊಲೀಸ್, ಬಾಳೆಹಣ್ಣು ಮಾರುವವಳು, ಇನ್ನೂ ಏನೇನೋ. ಸಂಬಳ ಬೊಂಬಾಯಿಯ ಗವರ್ನರ್‌ಗಿಂತ ಜಾಸ್ತಿ ಅನ್ನೋ ಮಾತೇ ಇತ್ತು. ಅಂದಹಾಗೆ, ಅದೇ ಭವನಾನಿ ಮುಂದೆ ನಮ್ಮ ಕೈಲಾಸಂ ಅವರನ್ನು ಹಾಕಿಕೊಂಡು ‘ಮೃಚ್ಛಕಟಿಕ’ ಮೂಕಿ ತೆಗೆದರು.

ಸಾಗರದ ವೇಷಧಾರಿ
ಎಂಟು ವೇಷ ದೊಡ್ಡದಲ್ಲ, ಮುಂದಿನದು ಕೇಳಿ. 1931ರಲ್ಲಿ ಟಾಕಿ ಬಂತು. ಮೂಕಿಯಲ್ಲಿ ಮಾತೆಲ್ಲ ಪರದೆ ಮೇಲೆ ಬರಹವಾಗಿ ಬರುತ್ತಿತ್ತು, ನಟಿಯ ಭಾಷೆ ಯಾರೂ ಕೇಳುತ್ತಿರಲಿಲ್ಲ. ಈಗ ಹಿಂದೂಸ್ತಾನಿ ಬೇಕಾಯಿತು. ಈಕೆಗೆ ಅದು ಬಾಯಿಗೆ ಹತ್ತದು. ಸುಮಾರು ಒಂದು ವರ್ಷ ನಟನೆ ಬಿಟ್ಟು ಕಲಿತರು.
ಇದು ನನಗೆ ನಾಟುವುದಕ್ಕೆ ಕಾರಣ ಇದೆ. ಹನ್ನೆರಡು ವರ್ಷ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದವನು ನಾನು. ಕುಣಿತಕ್ಕೆ, ಕಣ್ಣಿಗೆ ಹೆಸರಿತ್ತು. ಅರ್ಥ ಹೇಳುವಾಗ, ಅಂದರೆ ಪದ್ಯದ ಮೇಲೆ ಮಾತಾಡುವಾಗ ಮಾತ್ರ ನಾಲಿಗೆ ಒಣಗುತ್ತಿತ್ತು. ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆಗೆ ಒಬ್ಬರೂ ಕರೆಯಲಿಲ್ಲ. ನಾನು ಕಲಿಯಲೂ ಹೋಗಲಿಲ್ಲ, ಮುನಿಸಿಕೊಂಡು ಕೂತೆ. ಆಕೆ ಕೂರಲಿಲ್ಲ. 1928ರ ಮೂಕಿ ‘ಅನಾರ್ಕಲಿ’ಯನ್ನೇ 1935ರಲ್ಲಿ ಮಾತಾಡಿಕೊಂಡು ಮತ್ತೆ ಮಾಡಿದರು. 1953ರಲ್ಲಿ ಅನಾರ್ಕಲಿ ಬೀನಾ ರಾಯ್, ಈಕೆ ಸಲೀಮನ ತಾಯಿ!

ಹಳೇ ರೀಲು
ಆಮೇಲೆ ಚಿಕ್ಕಪುಟ್ಟ ಪಾತ್ರಗಳೇ. ಫಾಲ್ಕೆ ಪ್ರಶಸ್ತಿ 1973ರದ್ದು. 1983ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ತೋಟದಮನೆ, ತೀರ್ಥಹಳ್ಳಿ
ಎಲ್ಲಾ ಅತ್ತೆಗೆ ಓದಿ ಹೇಳಿದೆ. ವೇಷಧಾರಿಗಳ ಮಾತು ಬಂದಾಗ ಕವಳ ಹಾಕುವುದನ್ನೂ ನಿಲ್ಲಿಸಿ ಕೇಳಿದರು. ಕೊನೆಗೆ ಫೋಟೋ ತಿರುಗಿಸಿ ನೋಡಿ, “ಅಪ್ಪಯ್ಯ ಇದನ್ನ ಅಮ್ಮನಿಗೆ ತೋರಿಸಿದ್ದರಾ?” ಅಂದರು.